ಚಿತ್ರಕ್ಕೆ ಅಡ್ಡ ಬಂದವರು

ಕಾನ್ಸಾಸ್ ರಾಜ್ಯದ ಪಶ್ಚಿಮದ ಬಯಲಿನಲ್ಲಿರುವ ಸೇಂಟ್ ಓಡಿಲಿಯ ಎಂಬ ಊರಿನ ಜನಕ್ಕೆ ಒಂದು ಚಟ. ಯಾರಾದರೂ ಕ್ಯಾಮೆರಾ ಎತ್ತಿದ್ದು ಕಂಡರೆ ಸಾಕು, "ಅಯ್ಯೋ, ಅಡ್ಡ ಬಂದೆ" ಎಂದು ಪಕ್ಕಕ್ಕೆ ಸರಿದುಬಿಡುತ್ತಾರೆ. ಕ್ಯಾಮೆರಾ ನೇರವಾಗಿ ಅವರ ಮುಖಕ್ಕೇ ತಿರುಗಿದ್ದರೂ ಅಷ್ಟೆ. ತಮ್ಮ ಚಿತ್ರವನ್ನು ಯಾರಾದರೂ ಬೇಕೆಂದೇ ತೆಗೆದಾರು ಎಂಬುದು ಅವರ ತಲೆಗೆ ಹೊಳೆಯುವುದೇ ಇಲ್ಲ. ವೋಲ್ಗಾ ನದಿಯ ದಡದಿಂದ ಅವರ ಅಜ್ಜಂದಿರು ಗೋಧಿಯ ಬೀಜದ ಜೊತೆಗೆ ಹೊತ್ತು ತಂದ ಗುಣ ಇದಂತೆ. ದಾರಿ ಬಿಡುವುದು, ಹಿಂದೆ ಬರುವವರಿಗಾಗಿ ಬಾಗಿಲು ಹಿಡಿದು ನಿಲ್ಲುವುದು, ತಟ್ಟೆಯ ಕೊನೆಯ ಬನ್ನನ್ನು ಯಾರೂ ಮುಟ್ಟದೆ ಒಣಗಿಸುವುದು. ಒಳ್ಳೆಯ ಜನ, ಇಲ್ಲವೆನ್ನುವುದಿಲ್ಲ. ಆದರೆ ಒಳ್ಳೆಯತನಕ್ಕೂ ಒಂದು ಬೇಲಿ ಬೇಕು.

ಬರ್ನಿಟಾ ವಾಸಿಂಗರ್‌ಗೆ ಆಗ ಅರವತ್ತೊಂದು ವರ್ಷ. ಊರಿಗಿದ್ದ ಒಂದೇ ಬೀದಿಯಲ್ಲಿ ಅವಳೂ ಗಂಡ ವರ್ಜಿಲನೂ ಲಾಂಡ್ರಿ ಇಟ್ಟುಕೊಂಡಿದ್ದರು. ನಾಣ್ಯ ಹಾಕಿದರೆ ಬಟ್ಟೆ ಒಗೆದುಕೊಡುವ ಹದಿನಾಲ್ಕು ಯಂತ್ರಗಳು, ಅವುಗಳಲ್ಲಿ ಬದುಕಿದ್ದವು ಒಂಬತ್ತು. ಸತ್ತವುಗಳ ಅಂಗಾಂಗ ಬಿಚ್ಚಿ ಬದುಕಿದ್ದವಕ್ಕೆ ಜೋಡಿಸುವುದು ವರ್ಜಿಲ್‌ನ ಕೆಲಸ. ಮುಂಬಾಗಿಲ ಹತ್ತಿರದ ಕಟ್ಟೆಯ ಹಿಂದೆ ನಿಂತು ಬೀರಾಕ್ ಮಾರುವುದು ಅವಳ ಕೆಲಸ. ಎಲೆಕೋಸು, ಈರುಳ್ಳಿ, ಕೊಚ್ಚಿದ ದನದ ಮಾಂಸ ತುಂಬಿ ಸುಟ್ಟ ಆ ಬನ್ನಿನ ಆಸೆಗೆ, ಒಗೆಯಲು ಒಂದು ಕರವಸ್ತ್ರವೂ ಇಲ್ಲದವರು ಬಂದು ಗಂಟೆಗಟ್ಟಲೆ ಕೂರುತ್ತಿದ್ದರು. ಮೂವತ್ತೈದು ವರ್ಷದ ಸಂಸಾರ, ಮಕ್ಕಳಾಗಲಿಲ್ಲ. ವರ್ಜಿಲ್‌ನ ಅಂಗಿಯ ತೋಳಿಗೆ ಅಂಟಿದ ಗ್ರೀಸು ಕಂಡು ಬಯ್ಯದೆ ಅವಳಿಗೆ ಬೆಳಗಾಗುತ್ತಿರಲಿಲ್ಲ. ಲಾಂಡ್ರಿಯ ಯಜಮಾನನ ಅಂಗಿಯೇ ಊರಿನಲ್ಲೆಲ್ಲ ಕೊಳಕು ಎಂದು ಅವಳ ದೂರು.

ಊರಿಗೆ ಬಂದವರು ನೀರಿಗೆ ಬಾರದಿರುತ್ತಾರೆಯೇ? ಫಿಲಡೆಲ್ಫಿಯಾದ ಥೇಯರ್ ಕೂಡ ಮೊದಲು ಕಾಲಿಟ್ಟದ್ದು ಲಾಂಡ್ರಿಗೇ, ಒಂದು ಅಕ್ಟೋಬರಿನ ಮಧ್ಯಾಹ್ನ, ಧೂಳು ಹಿಡಿದ ನಾಲ್ಕು ಅಂಗಿಗಳ ಜೊತೆ. ಉದ್ದ ಕಾಲು, ಮೆದು ಮಾತು, ವಯಸ್ಸು ಐವತ್ತರ ಆಸುಪಾಸು. ಅವನ ವ್ಯಾನಿನಲ್ಲಿ ಮರದ ಪೆಟ್ಟಿಗೆಯಂಥ ಹಳೆಯ ಕಾಲದ ಕ್ಯಾಮೆರಾ, ಅದಕ್ಕೆ ಮೂರು ಕಾಲಿನ ನಿಲುವು, ತಲೆಯ ಮೇಲೆ ಹೊದ್ದುಕೊಳ್ಳಲು ಒಂದು ಕರಿಯ ಬಟ್ಟೆ. ಬೀರಾಕ್ ತಿನ್ನುತ್ತ ಕಿಟಕಿಯಾಚೆ ನೋಡಿದವನು ಎದುರಿನ ಗಿಲ್ಬರ್ಟ್‌ನ ಪೆಟ್ರೋಲ್ ಬಂಕನ್ನು ಕಂಡು ಅಗಿಯುವುದನ್ನೇ ನಿಲ್ಲಿಸಿದ.

"ಎಷ್ಟು ಚೆನ್ನಾಗಿದೆ," ಎಂದ.

ಬರ್ನಿಟಾ ತಿರುಗಿ ನೋಡಿದಳು. ತುಕ್ಕು ಹಿಡಿದ ಎರಡು ಪಂಪು, ಆಲಿಕಲ್ಲಿಗೆ ತೂತಾದ ತಗಡಿನ ಚಾವಣಿ, ಬಿಸಿಲಿಗೆ ಬಣ್ಣ ಕಳಕೊಂಡ ಫಲಕ. "ಏನು ಚೆನ್ನಾಗಿರೋದು? ಆ ಫಲಕ ಕಿತ್ತು ಬಿಸಾಕು ಅಂತ ಹದಿನೈದು ವರ್ಷದಿಂದ ಬಡ್ಕೊಳ್ತಿದೀನಿ ಅವನಿಗೆ."

"ಹಾಗೆಲ್ಲ ಹೇಳ್ಬೇಡಿ ಮೇಡಂ. ಅದನ್ನ ಮುಟ್ಟಬಾರದು," ಎಂದ ಥೇಯರ್. ಅವನಿಗೆ ನಿಜಕ್ಕೂ ಗಾಬರಿಯಾಗಿತ್ತು.

ಸಂಜೆಯ ಬಿಸಿಲು ಓರೆಯಾಗುವ ಹೊತ್ತಿಗೆ ಅವನು ಬೀದಿಯಲ್ಲಿ ಕ್ಯಾಮೆರಾ ನಿಲ್ಲಿಸಿದ. ಎಂಬತ್ತೊಂದರ ಗಿಲ್ಬರ್ಟ್ ಎಂದಿನಂತೆ ಪಂಪಿನ ಪಕ್ಕ ಕಬ್ಬಿಣದ ಕುರ್ಚಿ ಹಾಕಿಕೊಂಡು ಕೂತಿದ್ದ. ಕರಿಯ ಬಟ್ಟೆ ಕಂಡದ್ದೇ ಎದ್ದ. "ಅಯ್ಯೋ, ಅಡ್ಡ ಬಂದೆ," ಎಂದು ಕುರ್ಚಿಯನ್ನೂ ಎತ್ತಿಕೊಂಡು ಕಟ್ಟಡದ ಹಿಂದಕ್ಕೆ ನಡೆದ. ಥೇಯರ್ ಅವನಿಗೆ ಏಳು ಎಂದಿರಲಿಲ್ಲ. ಹೋಗು ಎಂದೂ ಅನ್ನಲಿಲ್ಲ, ಇರು ಎಂದೂ ಅನ್ನಲಿಲ್ಲ.

ಚಿತ್ರ ತೆಗೆದ ಜಾಗದವರಿಗೆ ಒಂದು ಪ್ರತಿ ಕಳಿಸುವುದು ಥೇಯರ್‌ನ ಪದ್ಧತಿ. ತಣ್ಣನೆಯ ಕತ್ತಲೆ ಕೋಣೆಯಲ್ಲಿ ಕೂತು ನಿಧಾನವಾಗಿ ಮಾಡುವ ಕೆಲಸವಾದ್ದರಿಂದ ಅದು ಲಾಂಡ್ರಿಯ ವಿಳಾಸಕ್ಕೆ ಬಂದಾಗ ಫೆಬ್ರವರಿ. ಗಿಲ್ಬರ್ಟ್ ನಿದ್ದೆಯಲ್ಲೇ ತೀರಿಕೊಂಡು ನಾಲ್ಕು ದಿನವಾಗಿತ್ತು. ಎಂಬತ್ತೊಂದು ವರ್ಷದವನು ಸತ್ತರೆ ಯಾರು ಯಾಕೆ ಎಂದು ಕೇಳುತ್ತಾರೆ? ಮಣ್ಣು ಮಾಡಿದ ಮೇಲಿನ ಊಟಕ್ಕೆ ಚರ್ಚಿನ ನೆಲಮನೆಯಲ್ಲಿ ಸೇರಿದಾಗ ಚಿತ್ರವನ್ನು ಆಲೂಗಡ್ಡೆ ಸಲಾಡಿನ ಬೋಗುಣಿಗೆ ಒರಗಿಸಿ ಇಟ್ಟರು.

ಎಲ್ಲರೂ ಬಗ್ಗಿ ನೋಡಿದರು. ಅದೇ ತುಕ್ಕು, ಅದೇ ತೂತು ತಗಡು. ಆದರೆ ಬೆಣ್ಣೆ ಸವರಿದ ಹಾಗೆ ಬಿಸಿಲು ಬಿದ್ದಿತ್ತು. ಬಣ್ಣಗೆಟ್ಟ ಆ ಫಲಕ ಏನನ್ನೋ ಕಾಯುತ್ತಿರುವಂತೆ ಕಂಡಿತು. ಬರ್ನಿಟಾಳಿಗೆ ಆ ಊರಿಗೆ ಒಮ್ಮೆ ಹೋಗಬೇಕು, ಅಲ್ಲಿ ಬದುಕಬೇಕು ಎನ್ನಿಸಿತು. ಆಮೇಲೆ ನೆನಪಾಯಿತು, ಅವಳ ಚಪ್ಪಲಿಗೆ ಅಂಟಿದ್ದು ಆ ಊರಿನದೇ ಮಣ್ಣು.

"ಪಾಪ, ಗಿಲ್ಬರ್ಟ್ ಕೂತಿದ್ದಿದ್ರೆ ಇಷ್ಟು ಚೆನ್ನಾಗಿ ಬರ್ತಿರ್ಲಿಲ್ಲ," ಎಂದ ಕ್ಷೌರದಂಗಡಿಯ ಫರ್ಡ್, ಬಾಯಿ ತುಂಬ ಊಟ ಇಟ್ಟುಕೊಂಡು. ಹೌದು ಹೌದು ಎಂದು ಎಲ್ಲರೂ ತಲೆಯಾಡಿಸಿದರು. ಬರ್ನಿಟಾಳೂ ಆಡಿಸಿದಳು. ಚಿತ್ರದಲ್ಲಿ ಪಂಪಿನ ಪಕ್ಕದ ಧೂಳಿನಲ್ಲಿ ಕುರ್ಚಿಯ ನಾಲ್ಕು ಕಾಲಿನ ಗುರುತು ಉಳಿದಿದ್ದುದು ಆಗಲೇ ಅವಳ ಕಣ್ಣಿಗೆ ಬಿದ್ದಿತ್ತು.

ಮರುವರ್ಷ ಅಕ್ಟೋಬರಿನಲ್ಲಿ ಥೇಯರ್ ದಿನಸಿ ಅಂಗಡಿಯ ಚಿತ್ರ ತೆಗೆದ. ಅಂಗಡಿಯ ಮುದುಕ ಮುದುಕಿ, ಲಾರೆನ್ಸ್ ಮತ್ತು ಆಲ್ವೀನಾ, ಮೆಟ್ಟಿಲ ಮೇಲೆ ಕುಂಬಳಕಾಯಿ ಜೋಡಿಸುತ್ತಿದ್ದವರು ಅಡ್ಡ ಬಂದೆವೆಂದು ಒಳಗೆ ಹೋದರು. ಚಿತ್ರ ಬರುವ ಹೊತ್ತಿಗೆ ಅಂಗಡಿಗೆ ಬೀಗ. ವಿಚಿಟಾದಿಂದ ಮಗಳು ಬಂದು ಒಂದೇ ಮಧ್ಯಾಹ್ನದಲ್ಲಿ ಇಬ್ಬರನ್ನೂ ಕರೆದುಕೊಂಡು ಹೋಗಿದ್ದಳು. ಆಲ್ವೀನಾಳಿಗೆ ಬರ್ನಿಟಾ ಬರೆದ ಎರಡು ಕಾಗದವೂ ಅಂಥವರು ಇಲ್ಲಿಲ್ಲವೆಂದು ವಾಪಸು ಬಂದವು. ಚಿತ್ರದಲ್ಲಿ ಅಂಗಡಿಯ ಜಾಲರಿ ಬಾಗಿಲು ನಾಲ್ಕು ಬೆರಳಷ್ಟು ತೆರೆದೇ ಇತ್ತು, ಆಗಷ್ಟೇ ಯಾರೋ ಒಳಗೆ ಹೋದಂತೆ.

ಮೂರನೆಯ ವರ್ಷ ಬಂದಾಗ ಬರ್ನಿಟಾ ಅವನ ಮುಂದೆ ಬಿಸಿ ಬೀರಾಕ್ ಇಟ್ಟು ಕೇಳಿಯೇಬಿಟ್ಟಳು. "ಈ ಚಿತ್ರದಲ್ಲೇನು ನೋಡ್ತಾರೆ ಮಿಸ್ಟರ್ ಥೇಯರ್, ನಿಮ್ಮ ಪಟ್ಟಣದೋರು?"

"ಇದರ ಮುಂದೆ ನಿಂತು ಅಳ್ತಾರೆ ಮೇಡಂ. ಇದು ನಮ್ಮೂರು, ನಮಗೆ ನೆನಪಿದೆ ಅಂತಾರೆ."

"ಅವರ್ಯಾರೂ ಇಲ್ಲಿಗೆ ಬಂದೇ ಇಲ್ವಲ್ಲ. ಬಂದಿದ್ರೆ ತಿನ್ನೋಕೆ ಕೊಟ್ಟಿರ್ತಿದ್ದೆ. ತಿಂದೋರ ಮುಖ ನಾನು ಮರೆಯಲ್ಲ."

"ಬರಬೇಕಾಗಿಲ್ಲ. ಖಾಲಿ ಜಾಗ ಕಂಡ್ರೆ ಸಾಕು, ಮನಸ್ಸು ತಾನೇ ಹೋಗಿ ಕೂತ್ಕೊಳ್ಳುತ್ತೆ. ಅಲ್ಲಿ ಯಾರಾದ್ರೂ ಇದ್ರೆ ಅದು ಅವರ ಜಾಗ ಆಗ್ಬಿಡುತ್ತೆ. ನೋಡೋರಿಗೆ ಎಡೆ ಇರಲ್ಲ."

"ದೂರದ ಬೆಟ್ಟ ನುಣ್ಣಗೆ," ಎಂದಿತು ಆರನೆಯ ಯಂತ್ರದ ಅಡಿಯಿಂದ ವರ್ಜಿಲ್‌ನ ದನಿ. ಬೆಟ್ಟವನ್ನೇ ಕಂಡರಿಯದ ಬಯಲಿನವನು, ಮಾತು ನೋಡಿ. "ಬಂದು ಒಂದು ಚಳಿಗಾಲ ಇಲ್ಲಿ ಕಳೀಲಿ. ಆಗ ಅಳೋಕೆ ಸರಿಯಾದ ಕಾರಣ ಸಿಗುತ್ತೆ."

ಥೇಯರ್ ನಕ್ಕ. ಬರ್ನಿಟಾ ನಗಲಿಲ್ಲ. ಫಿಲಡೆಲ್ಫಿಯಾದವರೆಲ್ಲ ಒಬ್ಬರಾದ ಮೇಲೆ ಒಬ್ಬರು ಗಿಲ್ಬರ್ಟ್‌ನ ಜಾಗದಲ್ಲಿ ಕೂತರೆ ಗಿಲ್ಬರ್ಟ್ ಎಲ್ಲಿ ಕೂರಬೇಕು ಎಂದು ಅವಳು ಯೋಚಿಸುತ್ತಿದ್ದಳು.

ಆ ವರ್ಷ ಕ್ಷೌರದಂಗಡಿಯ ಸರದಿ. ಕನ್ನಡಿಯ ಮುಂದಿನ ಕುರ್ಚಿಯಲ್ಲಿ ಕೂತು ತಾನೇ ಗಡ್ಡ ಹೆರೆದುಕೊಳ್ಳುತ್ತಿದ್ದ ಫರ್ಡ್ ಅರ್ಧ ಮುಖದ ನೊರೆಯೊಂದಿಗೇ ಎದ್ದು ಹಿಂಬಾಗಿಲಿಂದ ಹೊರಗೆ ಹೋದ. ಚಿತ್ರ ಬಂದದ್ದು ಫೆಬ್ರವರಿಯಲ್ಲಿ, ಬೂದಿ ಬುಧವಾರದ ಬೆಳಿಗ್ಗೆ. ಹಣೆಯ ಮೇಲೆ ಪಾದ್ರಿ ಹಚ್ಚಿದ ಬೂದಿಯ ಶಿಲುಬೆ ಹೊತ್ತು ಬರ್ನಿಟಾ ತಾನೇ ಅದನ್ನು ಒಯ್ದಳು. ಅಂಗಡಿಯಲ್ಲಿ ರೇಡಿಯೊ ಹಾಡುತ್ತಿತ್ತು. ಬಟ್ಟಲಿನ ನೊರೆ ಇನ್ನೂ ಬೆಚ್ಚಗಿತ್ತು. ಟೊಪ್ಪಿ ಗೂಟದಲ್ಲಿ, ಪಿಕಪ್ ಗಾಡಿ ಬಾಗಿಲಲ್ಲಿ. ಫರ್ಡ್ ಮಾತ್ರ ಇರಲಿಲ್ಲ. ಹಿಂಬಾಗಿಲು ತೆರೆದು ನೋಡಿದಳು. ಹಿಂದಿನ ದಿನ ಬಿದ್ದ ಹಿಮದ ಮೇಲೆ ಒಂದು ಹೆಜ್ಜೆಯ ಗುರುತೂ ಇರಲಿಲ್ಲ.

ಷೆರಿಫ್ ಬಂದ. ಗಂಡಸರು ಮೂರು ದಿನ ಸಾಲುಗಟ್ಟಿ ಗೋಧಿ ಹೊಲಗಳನ್ನೆಲ್ಲ ತುಳಿದರು. ಏನೂ ಸಿಗಲಿಲ್ಲ. ಬರ್ನಿಟಾ ಭೂತಗನ್ನಡಿ ಹಿಡಿದು ಚಿತ್ರ ನೋಡಿದಳು. ಕುರ್ಚಿಯ ಚರ್ಮದ ಮೇಲೆ ಕೂತೆದ್ದವನ ತಗ್ಗು ಹಾಗೇ ಇತ್ತು.

ಅವಳು ಮೂರೂ ಚಿತ್ರಗಳನ್ನು ಯಂತ್ರಗಳ ಮೇಲೆ ಸಾಲಾಗಿ ಇಟ್ಟು ಗಂಡನನ್ನು ಕರೆದಳು. "ನೋಡು. ಪಕ್ಕಕ್ಕೆ ಸರಿದೋರು ಯಾರೂ ವಾಪಸು ಬಂದಿಲ್ಲ."

ವರ್ಜಿಲ್ ಕೈ ಒರೆಸಿಕೊಂಡ, ಅಂಗಿಗೇ. "ಗಿಲ್ಬರ್ಟ್‌ಗೆ ವಯಸ್ಸಾಗಿತ್ತು. ಅವರಿಬ್ಬರು ಮಗಳ ಮನೆಗೆ ಹೋದ್ರು. ಫರ್ಡ್ ಅಂತೂ ಮೊದಲಿಂದ್ಲೂ ಅರೆಹುಚ್ಚ. ಕಾಗೆ ಕೂರೋದಕ್ಕೂ ಕೊಂಬೆ ಮುರಿಯೋದಕ್ಕೂ ಸರಿಹೋದ್ರೆ ಕಾಗೇನ ನೇಣಿಗೆ ಹಾಕ್ತೀಯೇನೆ?"

"ಮೂರು ಕೊಂಬೆ ವರ್ಜಿಲ್. ಒಂದೇ ಕಾಗೆ."

"ಆ ಕಾಗೆ ಮುಂದಿನ ಸಲ ಇಲ್ಲಿಗೇ ಬರುತ್ತಂತೆ. ಲಾಂಡ್ರಿ ತೆಗೀತೀನಿ ಅಂತ ಕಾಗದ ಬರೆದಿದಾನೆ."

ಬರ್ನಿಟಾ ಚಿತ್ರಗಳನ್ನು ಬೋರಲು ಹಾಕಿದಳು. "ಬೇಡ ಅಂತ ಬರಿ."

"ಬಾ ಅಂತ ಬರೆದಾಯ್ತು. ಮನೆಗೆ ಬರ್ತೀನಿ ಅನ್ನೋ ಮನುಷ್ಯನಿಗೆ ಬೇಡ ಅನ್ನೋಕಾಗುತ್ತೇನೆ?"

ಆಗುವುದಿಲ್ಲ. ಅದು ಅವಳಿಗೂ ಗೊತ್ತಿತ್ತು. ಸೇಂಟ್ ಓಡಿಲಿಯದಲ್ಲಿ ಸಾವಿಗೆ ಹೆದರದವರು ಸಿಗುತ್ತಾರೆ, ಒರಟರೆನ್ನಿಸಿಕೊಳ್ಳಲು ಹೆದರದವರು ಸಿಗುವುದಿಲ್ಲ. ಆದರೆ ವರ್ಜಿಲ್ ಇಲ್ಲದ ಒಂದು ಬೆಳಗನ್ನು ಅವಳಿಂದ ಊಹಿಸಿಕೊಳ್ಳಲೂ ಆಗಲಿಲ್ಲ. ಆ ಬೇಸಿಗೆಯೆಲ್ಲ ಅವನು ಯಂತ್ರದ ಹಿಂದೆ ಸ್ವಲ್ಪ ಹೊತ್ತು ಕಾಣದಿದ್ದರೆ ಹೆಸರು ಹಿಡಿದು ಕೂಗುತ್ತಿದ್ದಳು. "ಸತ್ತಿಲ್ಲ ಕಣೇ, ಸ್ಕ್ರೂ ಹುಡುಕ್ತಿದೀನಿ," ಎಂದು ಅವನು ಅಡಿಯಿಂದ ಗೊಣಗುತ್ತಿದ್ದ. ಅವನನ್ನು ಚಿತ್ರದೊಳಗೆ ನಿಲ್ಲಿಸಿಯೇ ತೀರುವುದು ಎಂದು ಅವಳು ಮನಸ್ಸಿನಲ್ಲೇ ಗಂಟು ಹಾಕಿಕೊಂಡಳು. ಸರಿದರೆ ತಾನೆ ಕೇಡು? ಸರಿಯದಿದ್ದರಾಯಿತು.

ಅಕ್ಟೋಬರಿನಲ್ಲಿ ಥೇಯರ್ ಬಂದ. ಅವನಿಗೆಂದು ಬರ್ನಿಟಾ ಒಂದು ತಟ್ಟೆ ಬೀರಾಕ್ ಹೆಚ್ಚಿಗೆ ಸುಟ್ಟಿದ್ದಳು, ಅದೂ ನಿಜ.

"ಈ ಸಲ ನನ್ನ ಗಂಡನೂ ಚಿತ್ರದಲ್ಲಿ ಇರ್ಬೇಕು," ಎಂದಳು.

"ನಾನು ಯಾರನ್ನೂ ಇರಿ ಅನ್ನಲ್ಲ, ಹೋಗಿ ಅನ್ನಲ್ಲ ಮೇಡಂ. ಎದುರಿಗೆ ಏನಿರುತ್ತೋ ಅದನ್ನ ತೆಗೀತೀನಿ." ಅವನು ತುಸು ತಡೆದು ಸೇರಿಸಿದ. "ಇರೋರು ಕಮ್ಮಿ, ಅಷ್ಟೆ." ಅದನ್ನು ಹೇಳುವಾಗ ಅವನ ಮುಖದಲ್ಲಿ ಕೇಡಿನ ಕಳೆಯೇನೂ ಇರಲಿಲ್ಲ. ಬರ್ನಿಟಾಳಿಗೆ ಅದಕ್ಕೇ ಹೆಚ್ಚು ಭಯವಾಯಿತು.

ನಾಲ್ಕೂವರೆಗೆ ಬಿಸಿಲು ಲಾಂಡ್ರಿಯ ಮುಖಕ್ಕೆ ಬಿತ್ತು. ಬೀದಿಯಾಚೆ ಮೂರು ಕಾಲು ನೆಟ್ಟುಕೊಂಡವು, ಕರಿಯ ಬಟ್ಟೆ ಮೇಲೆದ್ದಿತು. ಬಾಗಿಲ ಬಳಿ ನಟ್ಟು ಬಿಚ್ಚುವ ಪಾನ ಹಿಡಿದು ನಿಂತಿದ್ದ ವರ್ಜಿಲ್ ಆಗಲೇ ಒಂದು ಕಾಲು ಒಳಗಿಟ್ಟಾಗಿತ್ತು. "ಅಯ್ಯೋ, ಅಡ್ಡ..."

ಬರ್ನಿಟಾ ಅವನ ಎಡತೋಳಿನ ಬಟ್ಟೆಯನ್ನು ಮುಷ್ಟಿಯಲ್ಲಿ ಹಿಡಿದಳು. "ನಿಲ್ಲು."

"ಬಿಡೇ, ಪಾಪ ಅವನ ಚಿತ್ರ ಹಾಳಾಗುತ್ತೆ. ನನ್ನ ಮೂತಿ ಯಾರಿಗೆ ಬೇಕು?"

"ನನಗೆ ಬೇಕು."

"ಮೂವತ್ತೆಂಟು ವರ್ಷದಿಂದ ನೋಡ್ತಿದೀಯ, ಸಾಕಾಗ್ಲಿಲ್ವೇನೆ?"

"ಸಾಕಾಗಿದೆ. ಆದ್ರೂ ನಿಲ್ಲು. ಒಂದು ಹೆಜ್ಜೆ ಅಲ್ಲಾಡಿದ್ರೆ ನಾಳೆಯಿಂದ ನಿನ್ನ ಅಂಗಿ ನೀನೇ ಒಗ್ಕೋ."

ವರ್ಜಿಲ್ ಅವಳ ಮುಖ ನೋಡಿದ. ಅವಳ ಕಣ್ಣಲ್ಲಿ ನೀರಿತ್ತು. ಒಳಗಿಟ್ಟ ಕಾಲನ್ನು ಅವನು ಹೊರಗೆ ತೆಗೆದ. ಬಾಗಿಲ ನಡುವೆ, ಮದುವೆಯ ದಿನ ನಿಂತಷ್ಟೇ ಬಿಗಿಯಾಗಿ ನಿಂತ. ಅವಳು ಪಕ್ಕದಲ್ಲಿ, ತೋಳು ಬಿಡದೆ.

ಬೀದಿಯಾಚೆಯಿಂದ ಥೇಯರ್ ಕೈಯೆತ್ತಿ ಸನ್ನೆ ಮಾಡಿದ. ಎಂಟು ಎಣಿಸುವಷ್ಟು ಹೊತ್ತು ಕ್ಯಾಮೆರಾದ ಕಣ್ಣು ತೆರೆದಿರುತ್ತದೆ ಎಂದು ಮೊದಲೇ ಹೇಳಿದ್ದ. ಬರ್ನಿಟಾ ಒಂದು ಎಣಿಸುವ ಮುಂಚೆ ಪಕ್ಕದ ದೊಡ್ಡ ಕಿಟಕಿಯ ಗಾಜಿನತ್ತ ನೋಡಿದಳು. ಅವಳ ಬಿಳಿಯ ಏಪ್ರನ್‌ಗೆ ಬಿಸಿಲು ಹೊಡೆದು ಗಾಜಿನ ತುಂಬ ಬೆಳ್ಳನೆಯ ಕಲೆ ಎದ್ದಿತ್ತು. ಅಯ್ಯೋ, ಆ ಕಲೆಯಲ್ಲಿ ವರ್ಜಿಲ್‌ನ ಮುಖ ಕಾಣದೆ ಹೋದರೆ? ಒಳಗಿನ ಯಂತ್ರಗಳೂ ಕಾಣವು, ಪಾಪ ಅಷ್ಟು ದೂರದಿಂದ ಬಂದಿದ್ದಾನೆ. "ಅಡ್ಡ ಬಂದೆ," ಎಂದು ಬಾಯಲ್ಲೇ ಅಂದುಕೊಂಡು ಅವಳು ಇಟ್ಟಿಗೆ ಕಂಬದ ಮರೆಗೆ ಒಂದೇ ಒಂದು ಹೆಜ್ಜೆ ಸರಿದಳು. ತೋಳನ್ನು ಮಾತ್ರ ಬಿಡಲಿಲ್ಲ. ಕೈ ಉದ್ದಕ್ಕೆ ಚಾಚಿ ಹಿಡಿದೇ ಇದ್ದಳು. ಎಂಟು ಎಣಿಸಿ ಮುಗಿಯಿತು. ವರ್ಜಿಲ್ ಅಲ್ಲಾಡಿರಲಿಲ್ಲ.

ಅಂದು ಅವಳಿಗಾದ ಸಂತೋಷ ಅಷ್ಟಿಷ್ಟಲ್ಲ. ಉಳಿದ ಬೀರಾಕ್‌ಗಳನ್ನೆಲ್ಲ ಕಾಗದದಲ್ಲಿ ಸುತ್ತಿ ಥೇಯರ್‌ನ ವ್ಯಾನಿಗೆ ತುಂಬಿದಳು. ಗಂಡನನ್ನು ಗೆದ್ದು ತಂದವಳಂತೆ ಆ ಚಳಿಗಾಲವನ್ನೆಲ್ಲ ಬಯ್ಯುತ್ತ, ಹಾಡುತ್ತ ಕಳೆದಳು. ಕ್ರಿಸ್‌ಮಸ್ ಕಳೆಯಿತು, ವರ್ಜಿಲ್ ಇದ್ದ. ಜನವರಿಯ ಹಿಮಗಾಳಿ ಬೀಸಿತು, ವರ್ಜಿಲ್ ಇದ್ದ, ಒಂದು ಕೆಮ್ಮೂ ಇಲ್ಲದೆ.

ಪೊಟ್ಟಣ ಬಂದದ್ದು ಮತ್ತೆ ಬೂದಿ ಬುಧವಾರದ ಆಸುಪಾಸಿನಲ್ಲೇ. ಗಿರಾಕಿಗಳು ಇನ್ನೂ ಬಂದಿರಲಿಲ್ಲ. ಅವಳು ಅದನ್ನು ಕಟ್ಟೆಯ ಮೇಲೆ ಬಿಚ್ಚಿದಳು.

ವರ್ಜಿಲ್ ಇದ್ದ. ಬಾಗಿಲ ನಡುವೆ, ಕೈಯಲ್ಲಿ ಪಾನ, ಒಂದು ಹುಬ್ಬು ಮೇಲೆ, ಗ್ರೀಸಿನ ಕಲೆಯೂ ಎಣಿಸುವಷ್ಟು ಸ್ಪಷ್ಟ. ಬರ್ನಿಟಾ ಶಿಲುಬೆಯ ಗುರುತು ಹಾಕಿಕೊಂಡಳು. ಆಮೇಲೆ ಅವನ ಎಡತೋಳು ನೋಡಿದಳು. ಅಂಗಿಯ ಬಟ್ಟೆ ಪಕ್ಕಕ್ಕೆ ಜಗ್ಗಿಕೊಂಡು ನಿಂತಿತ್ತು. ಒಂದು ಮುಷ್ಟಿಯಷ್ಟು ಜಾಗದಲ್ಲಿ ನೆರಿಗೆಗಟ್ಟಿ ಮುದುಡಿತ್ತು. ಅದನ್ನು ಹಿಡಿದ ಕೈ ಇರಲಿಲ್ಲ. ಕಂಬಕ್ಕೂ ತೋಳಿಗೂ ನಡುವೆ ಬರಿಯ ಬಿಸಿಲು.

ಕೈ ಚಿತ್ರದೊಳಗೇ ಇತ್ತಲ್ಲ, ಎಂದುಕೊಂಡಳು. ಇತ್ತು. ಸರಿದದ್ದು ಒಂದೇ ಹೆಜ್ಜೆ.

ಹಿಂದಿನ ಕೋಣೆಯಿಂದ ವರ್ಜಿಲ್ ಬಂದ. "ಬರ್ನಿ, ಆರನೇದು ಕೊನೆಗೂ ಶುರುವಾಯ್ತು. ಬಂದು ನೋಡು."

"ಇಲ್ಲಿ ಬಾ. ಇದನ್ನ ಮೊದಲು ನೋಡು."

ಅವನು ಕಟ್ಟೆಯ ಕಡೆ ನೋಡಿದ. ಅವಳನ್ನು ದಾಟಿ ಗೋಡೆಯನ್ನು ನೋಡಿದ. "ಬರ್ನಿ?"

"ಇಲ್ಲೇ ಇದೀನಲ್ಲೋ. ಕಣ್ಣು ಕಾಣಲ್ವಾ?"

ಅವನು ಹಿಂಬಾಗಿಲು ತೆರೆದು ಹೊರಗೆ ಕೂಗಿದ. ಹೊರಗಿನ ಹಿಮ ಹಾಸಿಟ್ಟ ದುಪ್ಪಟಿಯಂತೆ ನಯವಾಗಿತ್ತು. ಗೂಟದಲ್ಲಿದ್ದ ಅವಳ ಕೋಟು ಮುಟ್ಟಿ ನೋಡಿದ, ಕೆಳಗಿದ್ದ ಅವಳ ಬೂಟು ನೋಡಿದ. ಫರ್ಡ್‌ನ ಅಂಗಡಿಯ ಟೊಪ್ಪಿ ಅವನಿಗೂ ನೆನಪಾಗಿರಬೇಕು, ಮುಖ ಬಿಳುಚಿಕೊಂಡಿತು. ಬರ್ನಿಟಾ ಓಡಿ ಹೋಗಿ ಅವನ ತೋಳು ಹಿಡಿದಳು. ಬಟ್ಟೆ ನೆರಿಗೆಗಟ್ಟಿತು. ಅವನು ಅದನ್ನು ನೋಡಿದ. ಇನ್ನೊಂದು ಕೈಯಿಂದ ನೆರಿಗೆಯನ್ನು ಸವರಿ ಸರಿಮಾಡಿಕೊಂಡ.

ಅವಳು ಅತ್ತಳು. ಬೈದಳು, ಮೂವತ್ತೆಂಟು ವರ್ಷದ ಬೈಗುಳವನ್ನೆಲ್ಲ ಬೈದಳು. ಆರನೆಯ ಯಂತ್ರದ ಸದ್ದಿನ ಹೊರತು ಅಂಗಡಿಯಲ್ಲಿ ಬೇರೆ ಸದ್ದು ಅವನಿಗೆ ಕೇಳಿದಂತಿರಲಿಲ್ಲ. ಕೊನೆಗೆ ಕಿಟಕಿಯ ಬಳಿ ಹೋಗಿ ನಿಂತಳು. ಗಾಜಿನಲ್ಲಿ ಕಟ್ಟೆ ಕಂಡಿತು, ಯಂತ್ರಗಳ ಸಾಲು ಕಂಡಿತು, ಅವಳ ಏಪ್ರನ್‌ನ ಬಿಳಿಯ ಕಲೆ ಎಲ್ಲೂ ಇರಲಿಲ್ಲ.

ವರ್ಜಿಲ್‌ಗೆ ಕಟ್ಟೆಯ ಮೇಲಿನ ಚಿತ್ರ ಕಂಡಿತು. ಎತ್ತಿಕೊಂಡ. ತನ್ನ ಮುಖವನ್ನು ನೋಡಿದ, ತೋಳನ್ನು ನೋಡಿದ, ತುಂಬ ಹೊತ್ತು ತೋಳನ್ನೇ ನೋಡಿದ. ಅದನ್ನು ಬೆಳಕಿಗೆ ಹಿಡಿಯಲೆಂದು ಕಿಟಕಿಯ ಕಡೆ ನಡೆದು ಬಂದ, ಅವಳು ನಿಂತಿದ್ದ ಜಾಗಕ್ಕೇ.

ಬರ್ನಿಟಾಳ ಕಾಲು ತಾನಾಗಿಯೇ ನೆಲ ಬಿಟ್ಟು ಎದ್ದಿತು. ಅರವತ್ತು ವರ್ಷದ ಅಭ್ಯಾಸ. ಅವಳು ಹಲ್ಲು ಕಚ್ಚಿ ಅದನ್ನು ಇದ್ದಲ್ಲೇ ಊರಿದಳು.

ಎದುರಿಗೆ ಬಂದವನು ಅರ್ಧ ಹೆಜ್ಜೆ ಉಳಿದಿರುವಾಗ ತಟ್ಟನೆ ನಿಂತ.

"ಅಯ್ಯೋ, ಅಡ್ಡ ಬಂದೆ," ಎಂದು ಪಕ್ಕಕ್ಕೆ ಸರಿದ.

ಯಾರಿಗೆ ಅಂದೆ ಎಂದು ತಿಳಿಯದೆ ಅವನು ಆ ಖಾಲಿ ಜಾಗವನ್ನು ನೋಡುತ್ತ ನಿಂತುಬಿಟ್ಟ. ಬರ್ನಿಟಾ ಅಲ್ಲಾಡಲಿಲ್ಲ. ಮಧ್ಯಾಹ್ನ ಮೊದಲ ಗಿರಾಕಿ ಬಟ್ಟೆಯ ಗಂಟು ಹೊತ್ತು ಬಂದಾಗಲೂ ವರ್ಜಿಲ್ ಕಿಟಕಿಯ ಬಳಿಯೇ ಇದ್ದ, ಪಕ್ಕದಲ್ಲಿ ಒಬ್ಬರು ನಿಲ್ಲುವಷ್ಟು ಜಾಗ ಬಿಟ್ಟು.